ಮೈಗೆ ಹತ್ತದ ಹಸಿರು

ಬಂದವರೆಲ್ಲ ಹಿಂದಿನ ಸಂಜೆ ರಾಯಚೂರಿನ ಬಸ್ಸು ಹಿಡಿದು ಹೋಗಿಬಿಟ್ಟಿದ್ದರಿಂದ, ಕಾಂತೇಶನನ್ನು ಮಣ್ಣು ಮಾಡಿದ ಮೇಲೆ ತೆಲಂಗಾಣದ ಮಕ್ತಲ್‌ನ ಆ ಮನೆಯಲ್ಲಿ ಅದು ಮಾಮೂಲಿನಂಥ ಮೊದಲ ಬೆಳಗು. ಅಂಗಳದ ತುಂಬ ಹಾಸಿದ್ದ ಜಮಖಾನೆಯನ್ನು ಮೈದುನ ಕೊಟ್ರೇಶ ಸುತ್ತಿ ಗೋಡೆಗೆ ಆನಿಸಿದ್ದ. ಇಷ್ಟು ದಿನ ಬೀಗರ ಮನೆಗಳಿಂದ ಬುತ್ತಿ ಬರುತ್ತಿತ್ತು; ಇವತ್ತು ಒಳಗೆ ಒಲೆ ಹೊತ್ತಿತ್ತು, ಅತ್ತೆ ಶೇಖಮ್ಮ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಗಂಗಾಂಬಿಕೆ ಹಾಸಿಗೆಯಲ್ಲಿ ಎದ್ದು ಕೂತಾಗ ಅವಳಿಗೆ ಮೊದಲು ಗೊತ್ತಾದದ್ದು ಹಸಿವು. ಪಕ್ಕದ ದಿಂಬು ಖಾಲಿ ಇದೆ ಅನ್ನುವುದು ಆಮೇಲೆ ಗೊತ್ತಾಯಿತು. ಹಾಗೆ ಒಂದಾದ ಮೇಲೆ ಒಂದಾಗಿ ಗೊತ್ತಾದದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ನಾಚಿಕೆಯೂ ಬಹಳ ಹೊತ್ತು ನಿಲ್ಲಲಿಲ್ಲ. ಹಸಿವು ಮಾತ್ರ ನಿಂತಿತು. ಹೆಂಚಿನ ಮೇಲೆ ಜೋಳದ ಹಿಟ್ಟು ಸುಡುವ ವಾಸನೆಗೆ ಬಾಯಲ್ಲಿ ನೀರೂರಿತು, ತಾನು ಗಂಡ ಸತ್ತವಳ ಬಾಯಿ ಅನ್ನುವುದೇ ಅದಕ್ಕೆ ತಿಳಿಯದ ಹಾಗೆ.

ಎರಡು ರೊಟ್ಟಿ ತಿಂದಳು, ಮೂರನೆಯದಕ್ಕೂ ಕೈ ನೀಡಿದಳು. ಕಾಂತೇಶನ ಸೋದರತ್ತೆ ನರಸಿಂಹಮ್ಮ ಒಬ್ಬಳೇ ಊರಿಗೆ ಹೋಗದೆ ಉಳಿದಿದ್ದಳು, ಸತ್ತವನ ಹೆಸರಿನ ಗಣಾರಾಧನೆ ಮುಗಿಸಿಕೊಂಡೇ ಹೋಗುತ್ತೇನೆಂದು. ಅವಳು ಕಂಬಕ್ಕೆ ಒರಗಿ ಎಲೆ ಅಡಿಕೆ ಮೆಲ್ಲುತ್ತ ಆ ಮೂರನೆಯ ರೊಟ್ಟಿಯನ್ನೇ ನೋಡಿದಳು. "ತಿನ್ನವ್ವ, ತಿನ್ನು. ಹೊಟ್ಟಿ ಅನ್ನೋದು ಯಾರು ಸತ್ತಾರ, ಯಾರು ಅದಾರ ಅಂತ ಕೇಳತೈತೇನು?" ಅಂದಳು. ಮಾತು ಕನಿಕರದ್ದೇ, ಕಣ್ಣು ಮಾತ್ರ ಲೆಕ್ಕ ಹಾಕುತ್ತಿತ್ತು. ಗಂಗಾಂಬಿಕೆ ತಲೆ ಎತ್ತದೆ ತಿಂದಳು. ಪುಂಡಿಪಲ್ಯದ ಹುಳಿ ನಾಲಿಗೆಗೆ ಹತ್ತಲಿಲ್ಲ, ಖಾರವೂ ಹತ್ತಲಿಲ್ಲ. ತಿಂದದ್ದು ಎಲ್ಲೋ ಆಳದ ಬಾವಿಗೆ ಬಿದ್ದಂತೆ ಹೋಗುತ್ತಿತ್ತು, ಬಿದ್ದ ಸಪ್ಪಳವೂ ಕೇಳುತ್ತಿರಲಿಲ್ಲ.

ಕೈ ತೊಳೆಯಲು ಹೊರಗೆ ಬಂದಾಗ ಬಾನಿ ಕಣ್ಣಿಗೆ ಬಿತ್ತು. ಬೇವಿನ ಬುಡದಲ್ಲಿ ಅರ್ಧ ಹೂತು, ಸುತ್ತ ಗೋಣಿತಟ್ಟು ಕಟ್ಟಿದ, ಅಗಲ ಬಾಯಿಯ ಹಳೆಯ ಮಣ್ಣಿನ ಬಾನಿ. ಹಿಂದಿನ ಓಣಿಯ ಪೆಂಟಮ್ಮ ತನ್ನ ಎಮ್ಮೆಗೆ ಕಲಗಚ್ಚು ಕುಡಿಸುತ್ತಿದ್ದ ಬಾನಿ ಅದು. ಬೇಸಗೆ ಶುರುವಾದಾಗ ಕಾಂತೇಶ ಅದನ್ನು ಇಸಿದುಕೊಂಡು ಬಂದಿದ್ದ, ಜೂನಿನಲ್ಲಿ ಮಿರಗದ ಮಳೆ ಬಿದ್ದ ಕೂಡಲೇ ವಾಪಸ್ಸು ಅಂತ ಮಾತು ಕೊಟ್ಟು. ಅಂಗಳದ ಆ ತುದಿಗೆ, ನೆತ್ತಿ ಬಿಸಿಲಿನಲ್ಲಿ, ಅಡ್ಡಕ್ಕೆ ಕೊಯ್ದು ಕಪ್ಪು ಬಣ್ಣ ಬಳಿದ ಪ್ಲಾಸ್ಟಿಕ್ ಡ್ರಮ್ಮು. ಎರಡಕ್ಕೂ ಊರ ಕೆರೆಯದೇ ನೀರು, ಅದೇ ಕೆರೆಯ ಕೆಸರು, ಅದೇ ಗಿಡ, ಅದೇ ಬಸವನಹುಳುಗಳು. ಗಿಡ ಅಂದರೆ ನೀರೊಳಗೇ ಮುಳುಗಿ ಬೆಳೆಯುವ, ಸಣ್ಣ ಎಲೆಗಳು ದಂಟಿನ ಸುತ್ತ ಚಕ್ರದಂತೆ ಹೊರಡುವ ಹೈಡ್ರಿಲ್ಲಾ. ಊರವರು ಅದನ್ನೂ ಪಾಚಿ ಅಂತಲೇ ಅನ್ನುತ್ತಾರೆ. ಮಣ್ಣಿನ ಬಾನಿ ಅಂದರೆ ಈಗಿನ ಕೆರೆ, ಕರಿ ಡ್ರಮ್ಮು ಅಂದರೆ ಮುಂದೆ ಕಾವು ಏರಿದ ಮೇಲಿನ ಕೆರೆ, ಅಂತ ಕಾಂತೇಶ ಜೂನಿಯರ್ ಕಾಲೇಜಿನ ಮಕ್ಕಳನ್ನು ಕರೆತಂದು ತೋರಿಸುತ್ತಿದ್ದ. ಪಾಠ ತೆಲುಗಿನಲ್ಲಿ, ಉಮೇದು ಬಂದಾಗ ಮಾತ್ರ ಕನ್ನಡ. ಅವನು ಓದಿದ್ದು ಪ್ರಾಣಿಶಾಸ್ತ್ರ, ಅವಳು ಸಸ್ಯಶಾಸ್ತ್ರ. "ಗಿಡ ನಿನ್ನವು, ಹುಳ ನನ್ನವು. ನನ್ನವು ನಿನ್ನವನ್ನ ತಿಂದು ಬದುಕತಾವು," ಅನ್ನುತ್ತಿದ್ದ, ಮಕ್ಕಳ ಎದುರಿಗೇ. ಅವಳು ಒಳಗೆ ಹೋಗಿಬಿಡುತ್ತಿದ್ದಳು.

ಡ್ರಮ್ಮಿನ ಗಿಡ ಭರಭರ ಬೆಳೆದಿತ್ತು. ದಂಟು ಉದ್ದ, ಎಲೆ ತೆಳು, ಬಣ್ಣ ತಿಳಿ. ಕಾವು ಹೆಚ್ಚಾದರೆ ಗಿಡ ಅವಸರ ಮಾಡುತ್ತದೆ, ಮೈ ಬೆಳೆಸುತ್ತದೆ, ಸತ್ವ ತುಂಬಲು ಅದಕ್ಕೆ ಪುರುಸೊತ್ತಿಲ್ಲ ಅಂತ ಹೇಳಿದವಳು ಅವಳೇ. ಬಿಸಿ ನೀರಿನಲ್ಲಿ ಹುಳುವಿನ ಒಡಲೂ ಜೋರಾಗಿ ಓಡುತ್ತದೆ, ಅದಕ್ಕೆ ಹಸಿವು ಹೆಚ್ಚು ಅಂತ ಹೇಳಿದವನು ಅವನು. ಎರಡು ಮಾತನ್ನೂ ಸೇರಿಸಿದ್ದು ಯಾರೋ ನೆನಪಿಲ್ಲ. ಒಂದು ರಾತ್ರಿ ಊಟ ಮಾಡುತ್ತ ಕೂತಾಗ ಅದು ತಾನೇ ಸೇರಿಕೊಂಡಿತ್ತು. ಹೆಚ್ಚು ತಿನ್ನುವ ಬಾಯಿ, ಕಡಿಮೆ ಕೊಡುವ ಎಲೆ. ಮೊದಲ ಮಳೆ ಬಿದ್ದು ನೀರು ತಣಿಯುವವರೆಗೆ ಎರಡನ್ನೂ ಮುಟ್ಟದೆ ಬಿಡಬೇಕು, ಆಮೇಲೆ ಹುಳುಗಳನ್ನು ತೂಗಿ ನೋಡಬೇಕು, ಡ್ರಮ್ಮಿನವು ತಿಂದೂ ಸೊರಗಿವೆಯೋ ಇಲ್ಲವೋ. ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಈಗ ಅವಳಿಗೆ ಬೇಕಾಗಿದ್ದದ್ದೂ ಅಷ್ಟೇ. ಬೇರೆ ಏನು ಬೇಕು ಅಂತ ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಆದರೆ ಅದು ಕೆಟ್ಟುಹೋಗಿತ್ತು. ಕೆಟ್ಟದ್ದು ಅವಳೊಬ್ಬಳಿಗೇ ಗೊತ್ತಿತ್ತು.

ಮಣ್ಣಿಗೆ ಹೋದವರು ಹೊಸಲು ದಾಟುವ ಮೊದಲು ಕಾಲು ತೊಳೆದುಕೊಳ್ಳಬೇಕು. ಅವತ್ತು ಬಾಗಿಲ ಬಳಿ ಇಟ್ಟಿದ್ದ ಕೊಡಗಳು ಮುಂದೆ ಬಂದವರಿಗೇ ಮುಗಿದವು, ಹಿಂದೆ ಜನ ಇನ್ನೂ ಇತ್ತು. ಶೇಖಮ್ಮ ಹೊಸಲ ಮೇಲೆ ಕೂತು ಅಳುತ್ತಿದ್ದವಳು, ಮಗನಿಗೆ ಹೆಗಲು ಕೊಟ್ಟು ಬಂದವರು ಬಿಸಿಲಲ್ಲಿ ನಿಂತಾರಲ್ಲ ಅಂತ, ಅಳುವಿನ ನಡುವೆಯೇ ಕೈ ತೋರಿಸಿದಳು: "ಅಲ್ಲಿ ಬಾನ್ಯಾಗ ನೀರು ಐತಿ ನೋಡ್ರಪ್ಪ, ತಗೊಳ್ರಿ." ಹೆಂಗಸರ ನಡುವೆ ಕೂತಿದ್ದ ಗಂಗಾಂಬಿಕೆ ಕಿಟಕಿಯಿಂದ ನೋಡಿದಳು. ತಂಬಿಗೆ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ಕುಣಿಯ ಕೆಂಪು ಮಣ್ಣು ಹತ್ತಿದ ಪಾದಗಳು. ಯಾರೋ ವಿಭೂತಿಯ ಕೈಯನ್ನು ಸೀದಾ ಬಾನಿಯಲ್ಲೇ ಅದ್ದಿದರು. ಗಿಡ ತಂಬಿಗೆಗೆ ಸಿಕ್ಕಿಕೊಂಡಾಗ ಒಬ್ಬರು ಅದನ್ನು ಹಿಡಿದೆಳೆದು ಬೇವಿನ ಬುಡಕ್ಕೆ ಒಗೆದರು. ನೀರು ಅರ್ಧಕ್ಕೆ ಇಳಿದ ಮೇಲೆ ಕೊಟ್ರೇಶ ನಳದ ನೀರು ತಂದು ತುಂಬಿಸಿದ. ಔಷಧಿ ವಾಸನೆಯ ನಳದ ನೀರು. ಅದು ಕಾಲು ತೊಳೆಯುವ ನೀರಲ್ಲ, ಹೋಲಿಸಿ ನೋಡಲಿಕ್ಕೆ ಇಟ್ಟದ್ದು, ಮುಟ್ಟಬೇಡಿ ಅಂತ ಎದ್ದು ಹೋಗಿ ಹೇಳುವ ತನ್ನನ್ನು ಅವಳು ಕಲ್ಪಿಸಿಕೊಂಡಳು. ಅಷ್ಟೂ ಜನ, ಒಂಟಿ ಕಾಲಲ್ಲಿ ನಿಂತವರು, ತನ್ನತ್ತ ತಿರುಗಿದಂತೆ. ಒಳಗಿನಿಂದ ನಗುವಿನಂಥದ್ದು ಒದ್ದುಕೊಂಡು ಬಂತು. ಮುಖಕ್ಕೆ ಸೆರಗು ಒತ್ತಿ ಹಿಡಿದಳು. ಭುಜ ಅಲ್ಲಾಡಿತು. ಸುತ್ತಲಿನ ಹೆಂಗಸರು "ಅಳವ್ವ, ಅಳು, ಎದಿ ಹಗುರ ಆಗತೈತಿ" ಅಂತ ಬೆನ್ನು ಸವರಿದರು. ಎಲ್ಲರಿಗೂ ಒಂದು ನೆಮ್ಮದಿಯಾಯಿತು.

ಈಗ ಅವಳು ಗೋಣಿತಟ್ಟಿನ ಮೇಲೆ ನೀರು ಚಿಮುಕಿಸಿದಳು. ಒಣಗಿ ಸೆಟೆದಿದ್ದ ತಟ್ಟು ಸುಯ್ಯೆಂದು ನೀರು ಹೀರಿತು. ಇದನ್ನು ದಿನಾ ಮಾಡುತ್ತಿದ್ದವನು ಅವನು. ಆ ಕೊನೆಯ ದಿನ ಗದ್ವಾಲದ ಕಡೆಯ ಒಂದು ಕೆರೆಯಲ್ಲಿ ಮಧ್ಯಾಹ್ನವೆಲ್ಲ ಮೊಣಕಾಲುದ್ದ ನೀರಲ್ಲಿ ನಿಂತು, ಅಲ್ಲಿಯ ಗಿಡ ಹೇಗಿದೆ ನೋಡಿ, ಒಂದು ಹಿಡಿ ಕಿತ್ತುಕೊಂಡು, ಜೂರಾಲ ಅಣೆಕಟ್ಟೆ ದಾಟುವ ಬಸ್ಸಿನಲ್ಲಿ ನಿಂತೇ ಬಂದಿದ್ದ. ನೀನೂ ಬಾ ಅಂದಿದ್ದ; ಈ ಬಿಸಿಲಿಗೆ ನಾನೊಲ್ಲೆ ಅಂದಿದ್ದಳು. ಬಂದವನು ನೇರ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಾಗ ಅವಳು ಅವನ ಮುಖ ನೋಡಲಿಲ್ಲ, ಪ್ಯಾಂಟು ನೋಡಿದಳು. "ಕೆಸರು ತಗೊಂಡು ಒಳಗ ಬರಬ್ಯಾಡ್ರಿ, ಈಗ ಸಾರಿಸೀನಿ." ಅವನು ನಕ್ಕು ಹಿಂದೆ ಸರಿದು ಬೇವಿನ ಕೆಳಗೆ ಹೋಗಿ ಕೂತ. ತಲೆ ನೋವು ಅಂದದ್ದು ಆಮೇಲೆ. ಮೈ ಕೆಂಡವಾದದ್ದು, ಬೆವರೇ ನಿಂತದ್ದು ಆಮೇಲೆ. ಕೊಟ್ರೇಶ ತನ್ನ ಆಟೋದಲ್ಲಿ ನಾರಾಯಣಪೇಟೆಯ ಆಸ್ಪತ್ರೆಗೆ ಒಯ್ಯುವಾಗ ಅವಳ ತೊಡೆಯ ಮೇಲೆ ಅವನ ತಲೆ ಇತ್ತು, ಮಾತು ಇರಲಿಲ್ಲ. ಬಿಸಿಲು ಬಡೀತು ಅಂದರು ಎಲ್ಲರೂ. ಎಷ್ಟು ಸಣ್ಣ ಮಾತು. ಬೀಸುಗಲ್ಲಿನ ಹಿಡಿ ಬಡಿಯಿತು ಅಂದ ಹಾಗೆ. ಅವಳು ಅವನಿಗೆ ಹೇಳಿದ ಕೊನೆಯ ಪೂರ್ತಿ ಮಾತು ಕೆಸರಿನದಾಗಿತ್ತು. ಅದನ್ನು ನೆನೆದಾಗಲೂ ಏನೂ ಆಗುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡ ಜಾಗವನ್ನು ನಾಲಿಗೆ ಮುಟ್ಟಿದಂತೆ ಮನಸ್ಸು ಅದನ್ನು ಮುಟ್ಟಿ ಬರುತ್ತಿತ್ತು, ಅಷ್ಟೇ.

"ಏಮಮ್ಮಾ, ಎದ್ದೇನು?" ಪೆಂಟಮ್ಮ ಗೇಟಿನ ಹೊರಗೆ ನಿಂತಿದ್ದಳು, ಕೈಯಲ್ಲಿ ಮಜ್ಜಿಗೆಯ ಚೊಂಬು. "ಉಣ್ಣು ಅಂತ ಹೇಳಾಕ ನಾ ಯಾರು. ಮಜ್ಜಿಗಿ ತಂದೀನಿ. ತಂಪು."

ಶೇಖಮ್ಮ ಹೊರಗೆ ಬಂದು ಚೊಂಬು ಇಸಿದುಕೊಂಡಳು. "ಎಮ್ಮಿ ಈದೈತಂತಲ್ಲ, ಪೆಂಟಮ್ಮ?"

"ಈದೈತಿ ಅಕ್ಕಾ. ಹೆಣ್ಣುಗರು." ಸಾವಿನ ಮನೆಯಲ್ಲಿ ಖುಷಿಯ ಸುದ್ದಿ ಹೇಳಿಬಿಟ್ಟೆನಲ್ಲ ಅಂತ ಪೆಂಟಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಕರುಂದೇನು, ಇರತೈತಿ. ತಾಯಿದೇ ಫಿಕರು ನನಗ. ಕಲಗಚ್ಚಿಗಿ ಬಾಯಿ ಹಚ್ಚವಲ್ಲದು. ಪ್ಲಾಸ್ಟಿಕ್ ಟಬ್ಬು ಇಟ್ಟೆ, ಕೊಂಬಿಲೆ ಎತ್ತಿ ಓಣ್ಯಾಗ ಒಗೀತು. ಯಂಕಣ್ಣನ ಸೈಕಲ್ಲಿಗಿ ಬಡದು ಅವ ನನ್ನ ಬೈಕೊಂತ ಹೋದ. ಬಕೀಟು ಇಟ್ಟೆ, ಅದಕ್ಕೂ ಒದೀತು. ಬಿಸಿಲಿಗಿ ಕಾದ ನೀರು ಮೂಸಿ ನೋಡಿ ಮಾರಿ ತಿರುವತೈತಿ, ದೊರಸಾನಿ." ಹೇಳುತ್ತ ಹೇಳುತ್ತ ಅವಳ ಕಣ್ಣು ಬೇವಿನ ಬುಡಕ್ಕೆ ಹೋಗಿ, ಬಾನಿಯನ್ನು ಮುಟ್ಟಿ, ಬೇಗನೆ ಮೇಲೆ ಬೇವಿನ ಟೊಂಗೆಗಳಿಗೆ ಏರಿಬಿಟ್ಟಿತು. "ಈ ವರ್ಷ ಬೇವು ಛಲೋ ಚಿಗತೈತಿ," ಅಂದಳು.

ಬಾನಿ ಬೇಕು ಅಂತ ಬಾಯಿ ಬಿಟ್ಟು ಕೇಳಲಿಲ್ಲ. ಸತ್ತವರ ಮನೆಗೆ ಬಂದು ಕೊಟ್ಟದ್ದನ್ನು ಕೇಳುವವರು ಯಾರೂ ಇಲ್ಲ ಆ ಓಣಿಯಲ್ಲಿ. ಮರುದಿನವೂ ಬಂದಳು, ಮಜ್ಜಿಗೆ ತಂದಳು, ಎಮ್ಮೆಯ ಪಕ್ಕೆಲುಬು ಎಣಿಸಬಹುದು ಅಂದಳು, ಬೇವಿನ ಚಿಗುರು ನೋಡಿ ಹೋದಳು. ಅದರ ಮರುದಿನವೂ.

ಗಂಗಾಂಬಿಕೆಗೆ ಮನೆಯಲ್ಲಿ ಯಾವ ಕೆಲಸವನ್ನೂ ಮುಟ್ಟಗೊಡುತ್ತಿರಲಿಲ್ಲ. ಕೊಡ ಎತ್ತಲು ಹೋದರೆ "ನೀ ಬಿಡವ್ವ" ಅಂತ ಒಬ್ಬರು ಇಸಿದುಕೊಳ್ಳುತ್ತಿದ್ದರು, ಕಸಬರಿಗೆ ಹಿಡಿದರೆ ಇನ್ನೊಬ್ಬರು. ಹೀಗಾಗಿ ಅವಳು ಕೂರುತ್ತಿದ್ದಳು, ಮತ್ತು ತಿನ್ನುತ್ತಿದ್ದಳು. ಮಧ್ಯಾಹ್ನ ಯಾರೂ ಇಲ್ಲದಾಗ ತಂಗಳ ರೊಟ್ಟಿ ಮುರಿದು ಬರೀ ಖಾರಪುಡಿ ಹಚ್ಚಿಕೊಂಡು ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದಳು. ಹೊರಗೆ ಡ್ರಮ್ಮಿನಲ್ಲಿ ಹುಳುಗಳು ಗಿಡದ ತುದಿಗೆ ಜೋತುಬಿದ್ದು ತಿನ್ನುತ್ತಿದ್ದವು. ಬಗ್ಗಿ ನೋಡಿದರೆ ಸಪ್ಪಳವಿಲ್ಲದ ಆ ಬಾಯಿಗಳು ಆಡುವುದು ಕಾಣುತ್ತಿತ್ತು. ಅವಳಿಗೆ ಅವುಗಳ ಮೇಲೆ ಕೋಪವೂ ಬರಲಿಲ್ಲ, ಮರುಕವೂ ಬರಲಿಲ್ಲ. ಒಂದೇ ಪಂಕ್ತಿಯಲ್ಲಿ ಕೂತವರ ಹಾಗೆ ನೋಡಿದಳು. ಅವಳ ಬಳೆ ತೆಗೆದ ಕೈ ಈಗಾಗಲೇ ತೆಳ್ಳಗಾಗಿತ್ತು, ರವಿಕೆಯ ತೋಳು ಸಡಿಲವಾಗಿತ್ತು. ಅಷ್ಟು ತಿಂದದ್ದು ಎಲ್ಲಿಗೆ ಹೋಯಿತು?

ನರಸಿಂಹಮ್ಮ ಬೇರೆ ಲೆಕ್ಕ ಹಾಕಿದ್ದಳು. ಒಂದು ಸಂಜೆ ಪಡಸಾಲೆಯಲ್ಲಿ ಅವಳು ಶೇಖಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಗೋಡೆಯಾಚೆ ಕೂತವಳಿಗೆ ಅರ್ಧ ಕೇಳಿತು: "...ಸುಮ್ಮನ ಅಷ್ಟು ತಿನ್ನತಾರೇನು? ಬಾಯಿ ತಿನ್ನಾಕ ಹತ್ತೈತಿ ಅಂದ್ರ ಒಳಗ ಇನ್ನೊಂದು ಬಾಯಿ ಐತಿ." ಆ ರಾತ್ರಿಯ ಊಟಕ್ಕೆ ಗಂಗಾಂಬಿಕೆಯ ಅನ್ನದ ಮೇಲೆ ತುಪ್ಪ ಬಿತ್ತು. ಮಗ ಸತ್ತಂದಿನಿಂದ ಯಾರ ಮುಖವನ್ನೂ ನೋಡದಿದ್ದ ಶೇಖಮ್ಮ ಈಗ ಸೊಸೆಯ ಮುಖ ನೋಡಿದಳು. ಆ ನೋಟದಲ್ಲಿ ದೀಪ ಹಚ್ಚಿಟ್ಟಂತೆ ಏನೋ ಇತ್ತು. ಗಂಗಾಂಬಿಕೆ ತುಪ್ಪದ ಅನ್ನವನ್ನೂ ತಿಂದಳು. ತಿನ್ನುವಾಗ ತಾನು ಕದಿಯುತ್ತಿದ್ದೇನೆ ಅನಿಸಿತು. ಬೆಳಗ್ಗೆ ಅತ್ತೆ ಉತ್ತತ್ತಿ ನೆನೆಹಾಕಿ ತಂದಿಟ್ಟಳು. ಇನ್ನೆರಡು ದಿನ ಅವಳು ಅದನ್ನೂ ತಿಂದಳು, ಹೇಳಬೇಕು ಹೇಳಬೇಕು ಅಂದುಕೊಳ್ಳುತ್ತ. ಹೇಳುವುದಕ್ಕೆ ಬೇಕಾದ ಮಾತು ಸಣ್ಣದೇ. ಮೂರನೆಯ ದಿನ ಬೆಳಗಿನ ಹೊತ್ತು ಮೈಯೇ ಹೇಳಿತು. ಅವಳು ಬಚ್ಚಲಿನಿಂದ ಬಂದು ಒಲೆಯ ಮುಂದೆ ಕೂತಿದ್ದ ಶೇಖಮ್ಮನ ಹತ್ತಿರ ನಿಂತಳು.

"ಇಲ್ರಿ ಅತ್ತಿ," ಅಂದಳು. "ನೀವು ಅಂದ್ಕೊಂಡದ್ದು ಏನೂ ಇಲ್ಲ. ಬರೇ ಹಸಿವು."

ಶೇಖಮ್ಮ ಹೆಂಚಿನ ಮೇಲಿನ ರೊಟ್ಟಿಯನ್ನು ನೋಡುತ್ತಿದ್ದಳು. ಅದರ ಅಂಚು ಕರಕಾಗುವ ತನಕ ತಿರುವಲಿಲ್ಲ. ಆಮೇಲೆ ತಿರುವಿದಳು, ಒದ್ದೆ ಅರಿವೆಯಿಂದ ಒತ್ತಿದಳು. ಉಬ್ಬಿದ ಮೇಲೆ ತೆಗೆದು ತಾಟಿನಲ್ಲಿಟ್ಟು ಸೊಸೆಯ ಕಡೆಗೆ ಸರಿಸಿದಳು. "ಹಸಿವಾದ್ರ ಉಣಬೇಕವ್ವ," ಅಂದಳು. "ಅದಕ್ಯಾಕ ನಿಂತಕೊಂಡಿ. ಕೂಡು."

ಅವತ್ತೇ ಕೊಟ್ರೇಶ ಹಾರೆ ಹಿಡಿದು ಬೇವಿನ ಬುಡಕ್ಕೆ ಬಂದ. ಗಣಾರಾಧನೆಗೆ ಜನ ಬರುತ್ತಾರೆ, ಅಂಗಳ ಚೊಕ್ಕ ಮಾಡಬೇಕು ಅಂತ. "ವೈನಿ, ಇದನ್ನ ಗಟಾರಕ್ಕ ಹೊಡೆದು ಬಾನಿ ಕೊಟ್ಟು ಬರ್ತೀನಿ. ನಿಂತ ನೀರು, ಸೊಳ್ಳಿ ಅಗದಿ ಜಾಸ್ತಿ ಆಗ್ಯಾವು. ಪೆಂಟಮ್ಮ ದಿನಾ ಬಂದು ಬೇವಿನ ಗಿಡ ನೋಡಿ ಹೋಗತಾಳ, ನನಗೇನು ತಿಳಿಯಂಗಿಲ್ಲೇನು?"

"ಮಳಿ ಬೀಳೋತನಕ ಇಡಬೇಕಂದಿದ್ರು," ಅಂದಳು ಗಂಗಾಂಬಿಕೆ.

"ಮಳಿ ಯಾವಾಗ ಬೀಳತೈತಿ ಅಂತ ಅಣ್ಣಗ ಗೊತ್ತಿತ್ತೇನು?" ಅಂದವನು ತಾನು ಆಡಿದ್ದು ತನಗೇ ಒರಟಾಗಿ ಕೇಳಿ ಹಾರೆಯನ್ನು ಕೆಳಗಿಟ್ಟ. "ನಾ ಏನಂದೆ ವೈನಿ, ಎಮ್ಮಿ ಪಾಪ..."

ಶೇಖಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಇಳಿದು ಬಂದು ಬಾನಿಯೊಳಗೆ ಬಗ್ಗಿ ನೋಡಿದಳು. ತಳದಲ್ಲಿ ಕೆಸರಿನ ಮೇಲೆ ವಿಭೂತಿಯ ಬಿಳಿ ಪದರ ಕೂತಿತ್ತು. ಒಂದು ಹುಳು ಅದರ ಮೇಲೆ ಸಾಗಿ ಹೋದ ಗೆರೆ ಕಾಣುತ್ತಿತ್ತು. ಆಕೆ ಬಹಳ ಹೊತ್ತು ನೋಡಿದಳು.

"ಯವ್ವಾ, ಗಂಗಾ. ಇದರಾಗಿನ ನೀರು ಮುಟ್ಟಬಾರದಾಗಿತ್ತೇನು?"

ಗಂಗಾಂಬಿಕೆ ಬಗ್ಗಿ ಗೋಣಿತಟ್ಟಿನ ಸಡಿಲಾದ ಗಂಟು ಬಿಗಿದಳು.

"ಅವತ್ತ ನಾನೇ ತೋರಿಸಿದೆ. ತಗೊಳ್ರಿ ಅಂತ. ಅವ ಯಾರನ್ನೂ ಹತ್ರ ಬಿಡತಿರಲಿಲ್ಲ ಇದಕ್ಕ. ನನಗ ಆ ಹೊತ್ತಿನಾಗ..." ಶೇಖಮ್ಮನ ಕೈ ಬಾನಿಯ ಅಂಚನ್ನು ಹಿಡಿದಿತ್ತು. "ಕೆಟ್ಟಿತೇನು, ಅವ ಮಾಡಿದ್ದು?"

ಕೆಟ್ಟಿತು ಅನ್ನುವುದೇ ನಿಜ. ಪರೀಕ್ಷಿಸುವವರ ಮುಂದೆ ಇಟ್ಟರೆ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಒಂದು ನೀರಿಗೆ ಬಿಸಿಲು ಮಾತ್ರ ಬಿದ್ದಿದೆ, ಇನ್ನೊಂದಕ್ಕೆ ಊರಿನ ಕಾಲೆಲ್ಲ ಬಿದ್ದಿದೆ. ಯಾವುದನ್ನು ಯಾವುದಕ್ಕೆ ಹೋಲಿಸುತ್ತೀರಿ? ಓದಿದ ಅಷ್ಟೂ ವರ್ಷ ಅವಳಿಗೆ ಕಲಿಸಿದ್ದು ಅದನ್ನೇ, ಆಗಿದ್ದನ್ನು ಆದ ಹಾಗೆ ಹೇಳು ಅಂತ. ಬೆಳಗ್ಗೆ ಒಲೆಯ ಮುಂದೆ ಆಗಿದ್ದನ್ನು ಆದ ಹಾಗೆಯೇ ಹೇಳಿಯಾಗಿತ್ತು. ಅದನ್ನು ಈ ಮುದುಕಿ ರೊಟ್ಟಿ ತಿರುವುವಷ್ಟು ಹೊತ್ತಿನಲ್ಲಿ ನುಂಗಿದ್ದಳು. ಇನ್ನೊಂದನ್ನೂ ಇವತ್ತೇ ನುಂಗು ಅನ್ನಬೇಕೆ?

"ಇಲ್ರಿ ಅತ್ತಿ, ಕೆಟ್ಟಿಲ್ಲ," ಅಂದಳು. "ಮಳಿ ಬೇಕಂತ ಏನಿಲ್ಲ. ಇಷ್ಟು ದಿನ ಆತು, ಸಾಕು. ನಾಳೆ ತೂಗಿಬಿಡೋಣು. ನಾಳೇನೇ ಬಾನಿ ಕೊಟ್ಟು ಬರೋಣು."

ಹೇಳಿದ ಮೇಲೆ, ತಾನು ಕಾಯುತ್ತಿದ್ದದ್ದು ಮಳೆಯನ್ನಲ್ಲ ಅಂತ ಅವಳಿಗೇ ತಿಳಿಯಿತು. ಬಾನಿ ಅಲ್ಲಿ ಇರುವಷ್ಟು ದಿನ ಅವನು ಇಸಿದುಕೊಂಡದ್ದು ಇನ್ನೂ ಅವನ ಹತ್ತಿರವೇ ಇತ್ತು, ಕೊಡಬೇಕಾದವನು ಒಬ್ಬನಿದ್ದ.

ಮರುದಿನ ಬಿಸಿಲೇರುವ ಮುಂಚೆ ಅತ್ತೆ ಸೊಸೆ ಇಬ್ಬರೂ ಬೇವಿನ ಕೆಳಗೆ ಕೂತರು. ಬೆಳ್ಳಿ ತೂಗುವಂಥ ಪುಟ್ಟ ತಕ್ಕಡಿ ತಂದಿಟ್ಟಿದ್ದ ಕಾಂತೇಶ. ಅದನ್ನು ಶೇಖಮ್ಮ ಎತ್ತಿ ಹಿಡಿದಳು. ಗಂಗಾಂಬಿಕೆ ಹುಳುಗಳನ್ನು ಒಂದೊಂದೇ ಅರಿವೆಯಲ್ಲಿ ಒರೆಸಿ, ಸಮನಾಗಿ ಎಣಿಸಿ, ಬಾನಿಯವನ್ನು ಒಂದು ತಟ್ಟೆಯಲ್ಲಿ, ಡ್ರಮ್ಮಿನವನ್ನು ಇನ್ನೊಂದರಲ್ಲಿ ಇಟ್ಟಳು. ಡ್ರಮ್ಮಿನವುಗಳ ಚಿಪ್ಪು ಎಷ್ಟು ತೆಳುವಾಗಿತ್ತೆಂದರೆ ಹಿಂದೆ ಬೆರಳಿಟ್ಟರೆ ಬೆರಳಿನ ನೆರಳು ಕಾಣುತ್ತಿತ್ತು. ಬಾನಿಯವು ಬೆರಳಿಗೆ ಕಲ್ಲಿನಂತೆ ತಾಗಿದವು. ಬಾನಿಯ ಕಡೆ ತಟ್ಟೆ ಮೆಲ್ಲಗೆ ಇಳಿಯಿತು.

"ಯಾವುದು ಹೆಚ್ಚು?"

"ಬಾನಿದು."

"ಅವ ಏನು ಅಂದಿದ್ದ?"

"ಹಂಗ ಆಗತೈತಿ ಅಂತನ ಅಂದಿದ್ರು."

"ಹಂಗಾರ ಅವ ಅಂದಂಗ ಆತು." ಶೇಖಮ್ಮ ತಕ್ಕಡಿಯನ್ನು ಇಳಿಸಲೇ ಇಲ್ಲ. ಪರೀಕ್ಷೆಯಲ್ಲಿ ಪಾಸಾದ ಮಗನ ಸುದ್ದಿ ಕೇಳಿದವಳ ಹಾಗೆ ಒಂದು ಗಳಿಗೆ ಅವಳ ಮುಖ ಬಿಚ್ಚಿಕೊಂಡಿತು. "ಆತ್ರಿ," ಅಂದಳು ಗಂಗಾಂಬಿಕೆ.

ಹುಳುಗಳನ್ನು ಏನು ಮಾಡುವುದು? ಗಟಾರಕ್ಕೆ ಹಾಕಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಗಣಾರಾಧನೆ ಆಗುವ ತನಕ ಸೊಸೆ ಗೇಟು ದಾಟಬಾರದು ಅಂತ ನರಸಿಂಹಮ್ಮ ಕಂಬದ ಬಳಿಯಿಂದಲೇ ನೆನಪಿಸಿದಳು. ಶೇಖಮ್ಮ ಚಪ್ಪಲಿ ಮೆಟ್ಟಿದಳು. "ನಾ ಸಂಗಾಟ ಹೋಗತೀನಿ. ಯಾರು ಏನು ಕೇಳತಾರ, ನನ್ನ ಕೇಳಲಿ." ಬಕೆಟ್ಟಿನಲ್ಲಿ ಹುಳುಗಳನ್ನೂ ಒಂದಿಷ್ಟು ಗಿಡವನ್ನೂ ತುಂಬಿಕೊಂಡು ಕೆರೆಯ ಏರಿ ಹತ್ತಿದರು. ತೆಲಂಗಾಣ ಬೇರೆ ರಾಜ್ಯವಾದ ಮೇಲೆ ಆ ಕೆರೆಯ ಹೂಳು ತೆಗೆಸಿದ್ದರು. ಆ ವರ್ಷ ಕಾಂತೇಶ ಏರಿಯ ಮೇಲೆ ನಿಂತು, ಆಳ ಇದ್ದರೆ ತಳದಲ್ಲಾದರೂ ತಂಪು ಉಳಿಯುತ್ತದೆ ಅಂತ ಕುಣಿದಾಡಿದ್ದ. ಈಗ ನೀರು ದೂರಕ್ಕೆ ಸರಿದಿತ್ತು. ಬಿರಿದ ಕೆಸರು ದಾಟಿ ಗಂಗಾಂಬಿಕೆ ಅಂಚಿಗೆ ಹೋಗಿ ಕೂತು ನೀರಿನಲ್ಲಿ ಕೈ ಇಟ್ಟಳು.

ಆ ಕಾವು ಅವಳಿಗೆ ಗೊತ್ತಿತ್ತು. ದಿನಾ ಕೈ ಇಟ್ಟು ನೋಡುತ್ತಿದ್ದ ಕಾವು. ಕರಿ ಡ್ರಮ್ಮಿನದು. ಬಿಸಿಲು ಇನ್ನೂ ಪೂರ್ತಿ ಏರಿರಲಿಲ್ಲ, ಆದರೂ ಅದೇ ಕಾವು, ಕೆರೆಯ ಈ ಅಂಚಿನಿಂದ ಆ ಅಂಚಿನವರೆಗೆ. ಅಲ್ಲಿ ಬೆಳೆದ ಗಿಡದ ಒಂದು ದಂಟು ಎತ್ತಿದಳು: ಉದ್ದ, ತೆಳು, ತಿಳಿಹಸಿರು. ಅದರ ಮೇಲೆ ಕಚ್ಚಿಕೊಂಡಿದ್ದ ಹುಳುವಿನ ಚಿಪ್ಪಿನೊಳಗಿಂದ ಬೆಳಕು ಕಾಣುತ್ತಿತ್ತು. ಹಾಗಾದರೆ ಮುಂದಿನ ಕೆರೆ ಅಂತ ಅವರು ಅಂಗಳದಲ್ಲಿ ಇಟ್ಟುಕೊಂಡದ್ದು ಇದೇ, ಇವತ್ತಿನದೇ. ಒದ್ದೆ ಗೋಣಿ ಕಟ್ಟಿ, ಬೇವಿನ ನೆರಳಲ್ಲಿ ಹೂತು, ಈಗಿನದು ಅಂತ ಅವನು ಕಾಪಾಡಿದ ಬಾನಿಯ ನೀರು ಈಗ ಎಲ್ಲಿಯೂ ಇಲ್ಲದ ನೀರು. ಅವನು ಹುಡುಗನಾಗಿದ್ದಾಗ ಈಜು ಕಲಿತ ಕೆರೆಯ ನೀರು ಅದು. ಗದ್ವಾಲದ ಕಡೆ ಆ ಮಧ್ಯಾಹ್ನ ಮೊಣಕಾಲುದ್ದ ನಿಂತಾಗ ಅವನ ಕಾಲಿಗೂ ಇದೇ ಕಾವು ತಾಗಿರಬೇಕು. ಅಡುಗೆಮನೆ ಬಾಗಿಲಿಗೆ ಬಂದು ನಿಂತದ್ದು ಅದನ್ನು ಹೇಳಲಿಕ್ಕೋ ಏನೋ. ಮೊದಲ ಸಲ ಅವಳ ಎದೆಯೊಳಗೆ ಏನೋ ಕದಲಿತು. ಅಳುವಲ್ಲ. ಕಟ್ಟಿಗೆ ಕೊರಡಿನಂತೆ ಮರಗಟ್ಟಿದ್ದ ಕಾಲಿಗೆ ರಕ್ತ ಹರಿಯುವಾಗ ಜುಮ್ಮೆನ್ನುತ್ತದಲ್ಲ, ಹಾಗೆ.

"ಬಿಡವ್ವ, ಬಿಟ್ಟು ಬಾ," ಅಂತ ಏರಿಯ ಮೇಲಿನಿಂದ ಶೇಖಮ್ಮ ಕೂಗಿದಳು.

ಅವಳು ಅಂಚಿನಲ್ಲಿ ಬಿಡಲಿಲ್ಲ. ಸೀರೆ ಎತ್ತಿ ಕಟ್ಟಿ ತೂಬಿನ ಕಡೆಗೆ, ನೀರು ತೊಡೆಯ ಮಟ್ಟ ಬರುವ ತನಕ ನಡೆದಳು. ಅಲ್ಲಿ ಕಲ್ಲಿನ ನೆರಳಿತ್ತು, ಪಾದಕ್ಕೆ ತಳದ ನೀರು ಒಂದಿಷ್ಟು ತಂಪಾಗಿ ತಾಗಿತು. ಬಕೆಟ್ಟನ್ನು ಬಗ್ಗಿಸಿದಳು. ಎರಡು ಕಡೆಯ ಹುಳುಗಳೂ ಒಟ್ಟಿಗೇ ಮುಳುಗಿದವು.

ಬಾನಿಯನ್ನು ಕೊಟ್ರೇಶ ಅಗೆದು ತೆಗೆದು ತೊಳೆದಿಟ್ಟಿದ್ದ. ಆಟೋದಲ್ಲಿ ಹಾಕಿಕೊಂಡು ಹೋಗುತ್ತೇನೆಂದ. ಗಂಗಾಂಬಿಕೆ ಬೇಡ ಅಂದಳು. ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ ಅಂಚು ಹಿಡಿದು ಎತ್ತಿದರು. ಓಣಿಯಲ್ಲಿ ಮೂರು ಕಡೆ ಇಳಿಸಿ ಉಸಿರು ಬಿಟ್ಟರು. ಕಟ್ಟೆಗಳ ಮೇಲಿನ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಶೇಖಮ್ಮ ಯಾರ ಕಡೆಗೂ ತಿರುಗಲಿಲ್ಲ. ಪೆಂಟಮ್ಮನ ಹಿತ್ತಲಲ್ಲಿ ಎಮ್ಮೆ ಗೂಟಕ್ಕೆ ಕಟ್ಟಿಸಿಕೊಂಡು ನಿಂತಿತ್ತು, ನಾಲಿಗೆ ಒಣಗಿ ಮೂಗಿನ ಮೇಲೆ ಬಿಳಿ ಕಟ್ಟಿತ್ತು. ಸೊಂಟದ ಎಲುಬು ಎದ್ದು ಕಾಣುತ್ತಿತ್ತು. ಕರು ಕೆಚ್ಚಲಿಗೆ ಗುದ್ದಿ ಗುದ್ದಿ ಬಿಡುತ್ತಿತ್ತು.

"ಅಯ್ಯೋ ಅಕ್ಕಾ, ನಾ ಕೇಳಿದ್ನೇನು? ಈಗ ಯಾಕ ತರಾಕ ಹೋದ್ರಿ?" ಪೆಂಟಮ್ಮ ಓಡಿ ಬಂದಳು. "ಇನ್ನ ನಾಕು ದಿನ ಇದ್ದಿದ್ರ ಏನಾಗತಿತ್ತು? ಪರವಾಲೇದು ಅಂತಿದ್ದೆ ನಾನು." ಅನ್ನುತ್ತಲೇ ಹಳೆಯ ಜಾಗದಲ್ಲಿ ಬಾನಿಯನ್ನು ಕೂರಿಸಿಯೂ ಬಿಟ್ಟಳು, ಕೂರಿಸಿ ಒಳಗೆ ಇಣುಕಿದಳು. ಇಸಿದುಕೊಂಡ ಪಾತ್ರೆ ವಾಪಸ್ಸು ಬಂದಾಗ ಯಾರೇ ಆದರೂ ಇಣುಕುವ ಹಾಗೆ. ಬೆಲ್ಲವೋ, ಹಿಡಿ ಜೋಳವೋ, ಒಂದಾದರೂ ಇರಬೇಕು. ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು.

ಬಾನಿ ಬರಿದಾಗಿತ್ತು. ಸಾವಿನ ಮನೆಯ ಒಲೆಯಿಂದ, ಕಣಜದಿಂದ, ಹೊರಗೆ ಏನೂ ಕೊಡುವಂತಿಲ್ಲ ಈ ದಿನಗಳಲ್ಲಿ. ಶೇಖಮ್ಮನಿಗೂ ಆಗಲೇ ಹೊಳೆದದ್ದು, ಮುಖ ಸಣ್ಣದಾಯಿತು. ಪೆಂಟಮ್ಮ ಏನೂ ಕಾಣದವಳಂತೆ ಎಮ್ಮೆಯ ಬೆನ್ನಿನ ನೊಣ ಹೊಡೆದಳು.

ಹಿತ್ತಲ ಮೂಲೆಯಲ್ಲಿ ಕೈಪಂಪು ಇತ್ತು. ಗಂಗಾಂಬಿಕೆ ಅಲ್ಲಿದ್ದ ಕೊಡ ಎತ್ತಿಕೊಂಡಳು. "ಅಮ್ಮಾ, ನೀವು ಬಿಡ್ರಿ" ಅಂತ ಪೆಂಟಮ್ಮ ಕೈ ಚಾಚಿದಳು. ಅವಳು ಕೊಡಲಿಲ್ಲ. ಪಂಪಿನ ಹಿಡಿ ಕಾದಿತ್ತು. ಹತ್ತು ಸಲ ಒತ್ತಿದ ಮೇಲೆ ಆಳದಿಂದ ನೀರು ಬಂತು, ಮೊದಲು ಬೆಚ್ಚಗೆ, ಆಮೇಲೆ ತಣ್ಣಗೆ. ತುಂಬಿದ ಕೊಡ ಸೊಂಟಕ್ಕೆ ತಂದು ಬಾನಿಗೆ ಸುರಿದಳು. ಎಮ್ಮೆ ಮೂಸಿತು, ಮೂತಿ ಇಳಿಸಿತು, ಒಂದೇ ಎಳೆತಕ್ಕೆ ತಳ ಕಂಡಿತು. ಅವಳು ಇನ್ನೊಂದು ತಂದಳು. ಅದೂ ಹೋಯಿತು. ಮತ್ತೊಂದು. ಎಮ್ಮೆಯ ಗಂಟಲಲ್ಲಿ ನೀರು ಇಳಿಯುವುದು ಚರ್ಮದ ಹೊರಗಿನಿಂದಲೇ ಕಾಣುತ್ತಿತ್ತು. ಅವಳ ಬೆನ್ನು ಬೆವರಿತು, ಅಂಗೈ ಉರಿಯಿತು, ಕೊಡದ ಬಾಯಿಂದ ತುಳುಕಿ ಸೀರೆ ತೊಯ್ಯಿತು. ಶೇಖಮ್ಮ ಏನೋ ಹೇಳಲು ಹೋಗಿ, ಸುಮ್ಮನೆ ಪಂಪಿನ ಹತ್ತಿರ ಹೋಗಿ ಹಿಡಿ ಒತ್ತತೊಡಗಿದಳು. ಒಬ್ಬಳು ಒತ್ತುವುದು, ಒಬ್ಬಳು ಹೊರುವುದು. ಎಷ್ಟೋ ಕೊಡ ಆದ ಮೇಲೆ ಎಮ್ಮೆ ಮೂತಿ ಎತ್ತಿ ಉಸಿರು ಬಿಟ್ಟಿತು, ಮತ್ತೆ ಇಳಿಸಲಿಲ್ಲ. ಗಂಗಾಂಬಿಕೆ ಕೊನೆಯ ಕೊಡ ಸುರಿದಳು. ನೀರು ಕಂಠದ ಮಟ್ಟ ಏರಿ, ಅಲ್ಲಾಡಿ, ನಿಂತಿತು.

"ತಗೊಳ್ರಿ ಪೆಂಟಮ್ಮ," ಅಂದಳು. "ನಿಮ್ಮ ಬಾನಿ."